ಮರ ಬರುತ್ತದೆ, ಮಣ್ಣು ಬರುವುದಿಲ್ಲ

ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಂದು ಹಳ್ಳಿ. ತಾತನ ಕಾಲದ ಹದಿನೆಂಟು ಅಂಕಣದ ತೊಟ್ಟಿ ಮನೆ ಇದೆ. ಯುಗಾದಿ ಕಳೆದ ಮೇಲೆ ಅಣ್ಣಂದಿರು ಅದನ್ನು ಕೆಡವಿ, ಜಾಗ ಪಾಲು ಮಾಡಿಕೊಂಡು, ಮೂರು ಆರ್‌ಸಿಸಿ ಮನೆ ಕಟ್ಟುತ್ತಾರಂತೆ. ಅದನ್ನು ತಡೆಯುವುದು ನನ್ನ ಕೈಲಿಲ್ಲ. ಮೊನ್ನೆ ಮಗ ಮೊಬೈಲಿನಲ್ಲಿ ರಷ್ಯಾದ ಒಂದು ಬಯಲು ಮ್ಯೂಸಿಯಂ ತೋರಿಸಿದ. ಹಳೇ ಮರದ ಮನೆಗಳು, ಚರ್ಚುಗಳು, ಗಾಳಿಗಿರಣಿಗಳು. ಎಲ್ಲವನ್ನೂ ಬೇರೆ ಬೇರೆ ಊರುಗಳಿಂದ ಬಿಚ್ಚಿ ತಂದು ಜೋಡಿಸಿದ್ದಾರಂತೆ. ಒಂದು ಮೊಳೆಯನ್ನೂ ಹೊಡೆದಿಲ್ಲವಂತೆ. ಇದು ನಿಜವಾ? ನಮ್ಮ ಮನೆಯನ್ನೂ ಹಾಗೆ ಬಿಚ್ಚಿ ನನ್ನ ಪಾಲಿನ ತೋಟದಲ್ಲಿ ನಿಲ್ಲಿಸುವುದಕ್ಕೆ ಆಗುತ್ತಾ?
— ಓದುಗರೊಬ್ಬರು, ಮಧುಗಿರಿ ತಾಲ್ಲೂಕು

ಉತ್ತರ: ತಾಯಿ, ಬಿಚ್ಚಿ ತಂದಿದ್ದು ನಿಜ. ಮೊಳೆಯೇ ಇಲ್ಲ ಅನ್ನುವುದು ಅರ್ಧ ನಿಜ. ನಿಮ್ಮ ಮನೆ ತೋಟಕ್ಕೆ ಬರುತ್ತದಾ ಅಂದರೆ, ಮರ ಬರುತ್ತದೆ, ಮಣ್ಣು ಬರುವುದಿಲ್ಲ. ಬಿಡಿಸಿ ಹೇಳುತ್ತೇನೆ.

ನನ್ನ ಮಗಳು ರಷ್ಯಾದಲ್ಲಿ ಮೆಡಿಕಲ್ ಓದುತ್ತಿದ್ದಳು. 2019ರ ಜುಲೈನಲ್ಲಿ ನಾನೂ ಮನೆಯವಳೂ ಅವಳನ್ನು ನೋಡಲು ಹೋಗಿದ್ದೆವು. ಬೇರೆ ಯಾವ ಊರು ತೋರಿಸದಿದ್ದರೂ ಪರವಾಗಿಲ್ಲ, ಹಳೇ ಮರದ ಕಟ್ಟಡಗಳ ಬಯಲು ಮ್ಯೂಸಿಯಂ ಇರುವ ಕಿಝಿ ದ್ವೀಪಕ್ಕೆ ಮಾತ್ರ ಕರೆದುಕೊಂಡು ಹೋಗು ಅಂತ ಅವಳಿಗೆ ಮೊದಲೇ ಹೇಳಿದ್ದೆ. ಇಪ್ಪತ್ತೆಂಟು ವರ್ಷ ಐಟಿಐನಲ್ಲಿ ಬಡಗಿ ಕೆಲಸ ಕಲಿಸಿದವನಿಗೆ ಇನ್ನೇನು ಆಸೆ ಇರುತ್ತದೆ? ಪೆಟ್ರೊಜಾವೋಡ್‌ಸ್ಕ್ ಎಂಬ ಊರಿಂದ ಒನೆಗಾ ಸರೋವರದ ಮೇಲೆ ಬೋಟಿನಲ್ಲಿ ಒಂದೂಕಾಲು ಗಂಟೆ. ಸರೋವರ ಅಂದರೆ ನಮ್ಮ ಕೆರೆಯ ಲೆಕ್ಕ ಅಲ್ಲ, ಆಚೆ ದಡ ಕಾಣುವುದಿಲ್ಲ. ಆ ನೀರಿನ ಮೇಲೆ ಮೊದಲು ಕಂಡಿದ್ದು ಇಪ್ಪತ್ತೆರಡು ಗುಮ್ಮಟಗಳ ಚರ್ಚು. 1714ರಲ್ಲಿ ಕಟ್ಟಿದ್ದು, ಎತ್ತರ ಸುಮಾರು 37 ಮೀಟರ್. ದೂರದಿಂದ ಬೆಳ್ಳಿ ತಗಡು ಹೊದೆಸಿದ ಹಾಗೆ ಹೊಳೆಯುತ್ತಿತ್ತು. ಹತ್ತಿರ ಹೋದ ಮೇಲೆ ಗೊತ್ತಾಯಿತು, ಹೊಳೆಯುತ್ತಿದ್ದದ್ದು ಮರ!

ಅಲ್ಲಿ ಒಬ್ಬ ಬಡಗಿ ಒಂದು ಕೊರಡಿನ ಮೇಲೆ ಕೂತು ಕೊಡಲಿಯಲ್ಲಿ ಆ ಗುಮ್ಮಟದ ಹೆಂಚು ಮಾಡಿ ತೋರಿಸುತ್ತಿದ್ದ. ಅದಕ್ಕೆ ಅವರು ಲೆಮೆಖ್ ಅನ್ನುತ್ತಾರೆ. ಆಸ್ಪೆನ್ ಅನ್ನುವ ಮರದ ತೆಳುವಾದ ಚಕ್ಕೆ. ಗುಮ್ಮಟದ ಮೈಗೆ ಕೂರಬೇಕಲ್ಲ, ಅದಕ್ಕೇ ಸ್ವಲ್ಪ ಬಾಗಿರುತ್ತದೆ. ಮಗಳು ಅವನ ಹತ್ತಿರ ಏನೋ ಹೇಳಿದಳು. ಅವನು ನಕ್ಕು ಒಂದನ್ನು ನನ್ನ ಕೈಗೆ ಕೊಟ್ಟ. ಭಾರವೇ ಇಲ್ಲ. ತುದಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದ. ಮಳೆನೀರು ಆ ಮೆಟ್ಟಿಲಿಳಿದು ಚೂಪು ತುದಿಗೆ ಬಂದು ಕೆಳಗಿನ ಚಕ್ಕೆಯ ನಡುಮಧ್ಯಕ್ಕೆ ಬೀಳುತ್ತದೆ, ಸಂದಿಗೆ ಹೋಗುವುದಿಲ್ಲ. ಹೊಸದರಲ್ಲಿ ತಿಳಿ ಹಳದಿ ಇರುತ್ತದೆ. ಬಿಸಿಲು ಮಳೆ ಕುಡಿದು ಕುಡಿದು ಬೆಳ್ಳಿಯ ಬಣ್ಣಕ್ಕೆ ತಿರುಗುತ್ತದೆ. ಆ ಚರ್ಚಿನ ಮೇಲೆ ಇಂಥವು ಸುಮಾರು ಮೂವತ್ತು ಸಾವಿರ ಇವೆಯಂತೆ. ಒಂದನ್ನು ಮಾಡಲು ಅವನು ಹೊಡೆದ ಏಟುಗಳನ್ನು ಎಣಿಸುತ್ತಾ ನಿಂತೆ. ನಲವತ್ತಕ್ಕೆ ಎಣಿಕೆ ತಪ್ಪಿತು.

ಈಗ ಮೊಳೆಯ ವಿಷಯ. ಈ ಚಕ್ಕೆಗಳನ್ನು ಮೊಳೆ ಹೊಡೆದೇ ಕೂರಿಸುತ್ತಾರೆ. ಹಾಗಾಗಿ ‘ಒಂದು ಮೊಳೆಯೂ ಇಲ್ಲ’ ಅನ್ನುವುದು ಗೈಡುಗಳ ಮಾತು. ಆದರೆ ಗೋಡೆಗೆ ಮೊಳೆ ಇಲ್ಲ, ಅದು ನಿಜ. ಇಡೀ ಇಡೀ ದಿಮ್ಮಿಗಳನ್ನು ಒಂದರ ಮೇಲೊಂದು ಮಲಗಿಸಿ, ನಾಲ್ಕು ಮೂಲೆಯಲ್ಲೂ ಕಚ್ಚು ಹಾಕಿ ಕೂರಿಸುತ್ತಾರೆ. ಎರಡು ದಿಮ್ಮಿಗಳ ನಡುವಿನ ಸಂದಿಗೆ ಪಾಚಿ ತುಂಬುತ್ತಾರೆ, ಗಾಳಿ ನುಗ್ಗದ ಹಾಗೆ. ಹಳ್ಳಿ ಮನೆಗಳ ಚಾವಣಿಯಂತೂ ನಾನು ಹುಟ್ಟಿದಾಗಿನಿಂದ ನೋಡದ ಕೆಲಸ. ಎಳೆಯ ಸ್ಪ್ರೂಸ್ ಮರವನ್ನು ಬೇರು ಸಮೇತ ಅಗೆದು ತರುತ್ತಾರೆ. ಆ ಬೇರೇ ಕೊಕ್ಕೆ. ಅವರ ಬಡಗಿಗಳು ಅದನ್ನು ಕೋಳಿ ಅಂತ ಕರೆಯುತ್ತಾರೆ. ಆ ಕೊಕ್ಕೆಗಳ ಮೇಲೆ ತೋಡಿದ ದಿಮ್ಮಿಯೊಂದು ದೋಣಿಯ ಹಾಗೆ ಮಲಗಿರುತ್ತದೆ. ಹಲಗೆಗಳ ಕೆಳತುದಿ ಅದರಲ್ಲಿ ಕೂರುತ್ತದೆ. ಮೇಲ್ತುದಿಯನ್ನು ಒತ್ತಿ ಹಿಡಿಯಲು ನೆತ್ತಿಯ ಮೇಲೆ ಉದ್ದಕ್ಕೂ ಒಂದು ದಪ್ಪ ದಿಮ್ಮಿ. ಅದರ ಬುಡದ ಕಡೆಯನ್ನು ಕುದುರೆಯ ತಲೆಯ ಹಾಗೆ ಕೆತ್ತಿರುತ್ತಾರೆ. ಚಾವಣಿ ಪೂರ್ತಿ ತನ್ನ ಭಾರದಲ್ಲೇ ನಿಂತಿರುತ್ತದೆ.

ತಾಯಿ, ನೀವು ಮುಖ್ಯವಾಗಿ ಗಮನಿಸಬೇಕಾದದ್ದು ಇಲ್ಲಿದೆ. ರಷ್ಯಾದ ಮರದ ಮನೆ ಹುಟ್ಟುವಾಗಲೇ ಬಿಚ್ಚಿ ಜೋಡಿಸುವ ಮನೆ. ಮೊದಲು ಬೇರೆ ಕಡೆ ದಿಮ್ಮಿಗಳನ್ನು ಪೂರ್ತಿ ಜೋಡಿಸಿ ನೋಡುತ್ತಿದ್ದರು. ಪ್ರತಿ ದಿಮ್ಮಿಗೂ ಕೊಡಲಿಯಲ್ಲಿ ಗುರುತು ಹಾಕುತ್ತಿದ್ದರು. ಆಮೇಲೆ ಬಿಚ್ಚಿ, ಮನೆ ನಿಲ್ಲಬೇಕಾದ ಜಾಗಕ್ಕೆ ಸಾಗಿಸಿ, ಗುರುತು ನೋಡಿಕೊಂಡು ಮತ್ತೆ ಕೂರಿಸುತ್ತಿದ್ದರು. ಹಿಂದೆ ಮಾಸ್ಕೋದಲ್ಲಿ ಹೀಗೆ ರೆಡಿ ಮನೆ ಮಾರುವ ಸಂತೆಯೇ ಇತ್ತು. ಬೆಂಕಿ ಬಿದ್ದು ಮನೆ ಹೋದವರು ಸಂತೆಗೆ ಹೋಗಿ ಮನೆ ಕೊಂಡು ತರುತ್ತಿದ್ದರು. ಮ್ಯೂಸಿಯಂನವರು ಈಗ ಮಾಡುತ್ತಿರುವುದೂ ಅದನ್ನೇ, ಅಳತೆ ಮತ್ತು ಫೋಟೋ ಜಾಸ್ತಿ ಅಷ್ಟೇ.

ನಮ್ಮ ತೊಟ್ಟಿ ಮನೆ ಹಾಗಲ್ಲ ಅಲ್ವಾ? ಅರ್ಧ ಮರ, ಅರ್ಧ ಮಣ್ಣು. ಕಂಬ, ಬೋದಿಗೆ, ತೊಲೆ, ಜಂತೆ, ಬಾಗಿಲುವಾಡ, ಕಂಬದ ಕೆಳಗಿನ ಕಲ್ಲು, ಇವೆಲ್ಲ ಬರುತ್ತವೆ. ಎರಡಡಿ ದಪ್ಪದ ಮಣ್ಣಿನ ಗೋಡೆ ಮುಟ್ಟಿದರೆ ಪುಡಿ. ಮಾಳಿಗೆ ಮೇಲಿನ ಚೌಳು ಮಣ್ಣೂ ಅಷ್ಟೇ. ಆ ಮಣ್ಣನ್ನೇ ಟ್ರಾಕ್ಟರಿನಲ್ಲಿ ತೋಟಕ್ಕೆ ತಂದು, ಕಲಸಿ ತುಳಿದು, ಹೊಸದಾಗಿ ಗೋಡೆ ಹಾಕಬೇಕು. ಅದಕ್ಕೆ ಸಂಕೋಚ ಬೇಡ. ಗೋಡೆ ಹೊಸದು, ಮರ ಹಳೆಯದು ಅಂತ ಒಂದು ಕಡೆ ಬರೆದಿಟ್ಟರೆ ಮುಗಿಯಿತು.

ನನ್ನ ಮನೆಯದೇ ಒಂದು ಮಾತು ಹೇಳಬೇಕು. ನಮ್ಮೂರು ಕೊರಟಗೆರೆ ಕಡೆ. ಅಪ್ಪ ಆಚಾರಿ ಕೆಲಸದವರು. ಅವರ ಅಪ್ಪ ಕಟ್ಟಿದ ಮನೆಯಲ್ಲೇ ನಾನು ಹುಟ್ಟಿದ್ದು. ಅಪ್ಪ ಹೋದ ಮೇಲೆ, 1994ರಲ್ಲಿ, ಮನೆಯನ್ನು ಕೆಡವಿ ಮರವನ್ನು ಒಬ್ಬ ಹಳೇ ಮರದ ವ್ಯಾಪಾರಿಗೆ ಲೋಡಿನ ಲೆಕ್ಕದಲ್ಲಿ ಕೊಟ್ಟೆವು. ಕೂಲಿಯವರು ಹಾರೆ ಹಾಕಿ ಮೀಟುತ್ತಿದ್ದರು. ತೊಟ್ಟಿಯ ಮೂಲೆಯಲ್ಲಿ ಎರಡು ಕಡೆಯ ತೊಲೆ ಬಂದು ಒಂದು ಕಂಬದ ಮೇಲೆ ಕೂತಿತ್ತು. ಹೊರಗಿನಿಂದ ನೋಡಿದರೆ ಸುಮ್ನೆ ಒಂದು ಗೆರೆ. ಅದು ಕಿತ್ತು ಬಂದಾಗ ಒಳಗಿನ ಕೆಲಸ ಮೊದಲ ಸಲ ಕಂಡಿತು. ಒಂದರೊಳಗೊಂದು ಮೂರು ನಾಲಿಗೆ. ಪಕ್ಕದಲ್ಲಿ ಉಳಿಯಲ್ಲಿ ಕೊರೆದ ಎರಡು ಗೀಟು, ಒಂದು ಕಾಗೆಕಾಲಿನ ಗುರುತು. ಎದುರಿನ ತೊಲೆಯಲ್ಲೂ ಅದೇ ಎರಡು ಗೀಟು, ಅದೇ ಕಾಗೆಕಾಲು. ಯಾವುದಕ್ಕೆ ಯಾವುದು ಕೂರಬೇಕು ಅಂತ ತಾತ ಹಾಕಿಟ್ಟ ಲೆಕ್ಕ ಅದು. ನಾನು ನೋಡುತ್ತಾ ನಿಂತಿದ್ದೆ, ಲಾರಿ ಹೊರಟಿತು. ಆ ಮೂಲೆಯ ಜೋಡಣೆಯನ್ನು ಆಮೇಲೆ ನೆನಪಿನಿಂದ ಮಾಡಲು ಎಷ್ಟೋ ಸಲ ಕೂತಿದ್ದೇನೆ. ಎರಡು ನಾಲಿಗೆ ಬರುತ್ತದೆ, ಮೂರನೆಯದು ಎಲ್ಲಿಂದ ಒಳಗೆ ಹೋಗುತ್ತಿತ್ತು ಅನ್ನುವುದು ಹೊಳೆಯುವುದಿಲ್ಲ. ಆವತ್ತು ಒಂದು ಹಾಳೆ ತೆಗೆದು ಬರೆದುಕೊಂಡಿದ್ದರೆ ಸಾಕಿತ್ತು. ಕಿಝಿಯಲ್ಲಿ ದಿಮ್ಮಿಯ ಮೇಲಿನ ಕೊಡಲಿ ಗುರುತು ತೋರಿಸಿದಾಗ ನನಗೆ ತಾತನ ಕಾಗೆಕಾಲೇ ಕಣ್ಣಿಗೆ ಬಂತು.

ಅದಕ್ಕೇ ತಾಯಿ, ನೀವು ಹೀಗೆ ಮಾಡಿ. ಮೊದಲು ಅಣ್ಣಂದಿರ ಹತ್ತಿರ ಮರದ ಬೆಲೆ ಮಾತಾಡಿ. ವ್ಯಾಪಾರಿ ಕೊಡುವಷ್ಟನ್ನೇ ಕೊಡುತ್ತೇನೆ, ಆದರೆ ಬಿಚ್ಚುವುದು ನನ್ನ ಲೆಕ್ಕದಲ್ಲಿ ಅನ್ನಿ. ಹೆಂಚಾಗಲಿ ಮಣ್ಣಾಗಲಿ ಇಳಿಸುವ ಮುಂಚೆ ಮಗನಿಂದ ಪ್ರತಿ ಕೋಣೆಯ ನಾಲ್ಕೂ ಗೋಡೆಯ ಫೋಟೋ ತೆಗೆಸಿ. ದೊಡ್ಡ ಹಾಳೆಯ ಮೇಲೆ ಮನೆಯ ನಕ್ಷೆ ಬರೆಯಿರಿ, ಒಂದೊಂದು ಅಂಕಣಕ್ಕೂ ನಂಬರು ಕೊಡಿ. ಆಮೇಲೆ ಮರಕ್ಕೆ ನಂಬರು. ಪೂರ್ವದ ಸಾಲಿನ ಮೂರನೇ ಕಂಬ ಅಂದರೆ ಪೂ-3. ಸೀಮೆಸುಣ್ಣ ಬೇಡ, ಅಳಿಸಿಹೋಗುತ್ತದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುತ್ತಾರಲ್ಲ, ಹಾಗೆ ತಗಡಿನ ಚೂರುಗಳ ಮೇಲೆ ಕೊರೆಸಿ, ಮರದ ಕಾಣದ ಮಗ್ಗುಲಿಗೆ ಹೊಡೆಯಿರಿ. ಅರವತ್ತು ದಾಟಿದ ಒಬ್ಬ ಆಚಾರಿಯನ್ನು ಹುಡುಕಿ ಜೊತೆಗಿಟ್ಟುಕೊಳ್ಳಿ. ಹಾರೆ ಮುಟ್ಟುವ ಮುಂಚೆ ಅವರನ್ನು ಕೇಳಬೇಕು ಅಂತ ಕೂಲಿಯವರಿಗೆ ಗಟ್ಟಿಯಾಗಿ ಹೇಳಿ. ಕಟ್ಟುವಾಗ ಕೊನೆಗೆ ಕೂತದ್ದು ಮೊದಲು ಇಳಿಯಬೇಕು. ಇಳಿಸಿದ ಮರವನ್ನು ನೆಲಕ್ಕೆ ಹಾಕಬೇಡಿ, ಕಲ್ಲಿನ ಮೇಲೆ ಇಡಿ, ನಡುವೆ ಗಾಳಿಯಾಡಲಿ. ಪ್ಲಾಸ್ಟಿಕ್ ಟಾರ್ಪಾಲು ಬಿಗಿದರೆ ಒಳಗೆ ಬೆವರಿ ಕೆಡುತ್ತದೆ, ಸೋಗೆ ಹೊದೆಸಿ. ಯುಗಾದಿಯಿಂದ ಮಳೆಗಾಲದವರೆಗೆ ನಿಮಗೆ ಎರಡು ತಿಂಗಳು ಸಿಗುತ್ತದೆ. ಸಾಕು.

ಪ್ರಶ್ನೆ: ರಷ್ಯಾದ ಆ ಕಟ್ಟಡಗಳ ಅಷ್ಟು ಹಳೇ ಮರಕ್ಕೆ ಗೆದ್ದಲು ಹತ್ತುವುದಿಲ್ಲವೇ ಸರ್? ನಮ್ಮ ಮನೆಯ ಬಾಗಿಲು ಹತ್ತು ವರ್ಷಕ್ಕೇ ಪುಡಿಯಾಯಿತು.
— ಡಿಪ್ಲೊಮಾ ವಿದ್ಯಾರ್ಥಿ, ಚಿಂತಾಮಣಿ

ಉತ್ತರ: ಅಷ್ಟು ಚಳಿಯ ಸೀಮೆಯಲ್ಲಿ ಗೆದ್ದಲಿನ ಕಾಟ ಇಲ್ಲಪ್ಪ. ಅಲ್ಲಿನ ಶತ್ರು ತೇವ ಮತ್ತು ಬೆಂಕಿ. ಹಿಮ ಕರಗಿದ ನೀರು ಕೆಳಗಿನ ದಿಮ್ಮಿಗಳಿಗೆ ಇಳಿದು ಮರ ಲಡ್ಡು ಹಿಡಿಯುತ್ತದೆ. ಅದಕ್ಕೇ ಚಳಿಗಾಲದಲ್ಲಿ, ಮರದಲ್ಲಿ ರಸ ಕಮ್ಮಿ ಇರುವಾಗ ಕಡಿಯುತ್ತಿದ್ದರು. ಗರಗಸಕ್ಕಿಂತ ಕೊಡಲಿ ಒಳ್ಳೆಯದು ಅನ್ನುತ್ತಿದ್ದರು. ಗರಗಸ ನಾರನ್ನು ಕಿತ್ತು ಬಾಯಿ ಬಿಡಿಸುತ್ತದೆ, ಕೊಡಲಿಯ ಏಟು ಅದನ್ನು ಅದುಮಿ ಮುಚ್ಚುತ್ತದೆ. ಚಾವಣಿಯ ಹಲಗೆಯ ಅಡಿಗೆ ಬರ್ಚ್ ಮರದ ತೊಗಟೆ ಹಾಸುತ್ತಿದ್ದರು. ಅದರೊಳಗೆ ನೀರು ಇಳಿಯುವುದಿಲ್ಲ.

ಇಷ್ಟೆಲ್ಲ ಮಾಡಿದರೂ ಇನ್ನೂರೈವತ್ತು ಚಿಲ್ಲರೆ ವರ್ಷಕ್ಕೆ ಕಿಝಿಯ ದೊಡ್ಡ ಚರ್ಚು ಕುಸಿಯತೊಡಗಿತು. 1980ರಲ್ಲಿ ಜನರನ್ನು ಒಳಗೆ ಬಿಡುವುದು ನಿಲ್ಲಿಸಿದರು. ಬೀಳದ ಹಾಗೆ ಒಳಗೆ ಕಬ್ಬಿಣದ ಚೌಕಟ್ಟು ನಿಲ್ಲಿಸಿದರು. ಅದನ್ನು ರಿಪೇರಿ ಮಾಡಿದ ರೀತಿ ಕೇಳು. ಇಡೀ ಕಟ್ಟಡವನ್ನು ಎತ್ತರಕ್ಕೆ ಏಳು ಭಾಗ ಅಂತ ಲೆಕ್ಕ ಹಾಕಿದರು. ಮೇಲಿನ ಭಾಗವನ್ನು ಆ ಕಬ್ಬಿಣದ ಚೌಕಟ್ಟಿನ ಆಧಾರದಲ್ಲಿ ಎತ್ತಿ ಹಿಡಿದು, ಕೆಳಗಿನ ಒಂದು ಭಾಗವನ್ನು ಬಿಚ್ಚಿ ಕೆಲಸದ ಶೆಡ್ಡಿಗೆ ತಂದರು. ಲಡ್ಡು ಹಿಡಿದಿದ್ದಷ್ಟನ್ನೇ ಕೆತ್ತಿ ತೆಗೆದು, ಹೊಸ ಮರದ ತುಂಡು ಕೂರಿಸಿದರು. ಪೂರ್ತಿ ಹೋಗಿದ್ದ ದಿಮ್ಮಿ ಮಾತ್ರ ಬದಲು. ಶೆಡ್ಡಿನಲ್ಲೇ ಜೋಡಿಸಿ ನೋಡಿ, ಮತ್ತೆ ಬಿಚ್ಚಿ, ಒಯ್ದು ಮೊದಲಿದ್ದಲ್ಲೇ ಕೂರಿಸಿದರು. ಆಮೇಲೆ ಅದರ ಮೇಲಿನ ಭಾಗ. ನಲವತ್ತು ವರ್ಷದ ಮೇಲೆ, 2020ರಲ್ಲಿ, ಬಾಗಿಲು ತೆರೆಯಿತು. ನಾವು ಹೋದ ವರ್ಷ ಇನ್ನೂ ಒಳಗೆ ಬಿಡುತ್ತಿರಲಿಲ್ಲ. ಹೊರಗಿನಿಂದ ನೋಡಿದೆ. ಕಪ್ಪಾದ ಹಳೇ ದಿಮ್ಮಿಯಲ್ಲಿ ಅಂಗೈ ಅಗಲದ ಹೊಸ ತೇಪೆ, ಸಂದಿಗೆ ಉಗುರು ಹಾಕಿದರೂ ಹೋಗುವುದಿಲ್ಲ.

ನಿಮ್ಮ ಬಾಗಿಲು ಬಿಡು, ಅದು ಎಳೇ ಮರ ಇರಬೇಕು. ಚೌಕಟ್ಟಿನ ಕೆಳಗೆ ಸಿಮೆಂಟಿನಲ್ಲಿ ಹೂತಿದ್ದಾರಾ ನೋಡು. ನಮ್ಮ ಹಳಬರು ಮರವನ್ನು ಎಂದೂ ನೆಲಕ್ಕೆ ತಾಗಿಸುತ್ತಿರಲಿಲ್ಲ, ಕೆಳಗೆ ಕಲ್ಲು ಇರುತ್ತಿತ್ತು.

ಪ್ರಶ್ನೆ: ಊರಿನಿಂದ ಕಿತ್ತು ತಂದ ಮನೆಗೆ ಜೀವ ಇರುತ್ತದೆಯೇ? ಅದು ಬರೀ ಪ್ರದರ್ಶನದ ಗೊಂಬೆ ಅನ್ನಿಸುವುದಿಲ್ಲವೇ?
— ನಿವೃತ್ತ ಶಿಕ್ಷಕಿ, ಕೋಲಾರ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದಿರಿ ಮೇಡಂ. ಇದ್ದಲ್ಲೇ ಇದ್ದು, ಒಳಗೆ ಒಲೆ ಉರಿಯುತ್ತಿರುವ ಮನೆಗೆ ಸಮ ಯಾವುದೂ ಇಲ್ಲ. ಕಿತ್ತು ತರುವುದು ಬೇರೆ ದಾರಿಯೇ ಇಲ್ಲದಾಗ ಮಾಡುವ ಕೆಲಸ. ಅಲ್ಲಿ ಎಷ್ಟೋ ಕಡೆ ಹಾಗೇ ಆಗಿದೆ. ಸೈಬೀರಿಯಾದ ಇರ್ಕೂಟ್‌ಸ್ಕ್ ಹತ್ತಿರ ಅಂಗಾರಾ ನದಿಯ ದಡದಲ್ಲಿ ತಾಲ್‌ತ್ಸಿ ಎಂಬ ಮ್ಯೂಸಿಯಂ ಇದೆ. ಅಣೆಕಟ್ಟುಗಳ ನೀರಿನಲ್ಲಿ ಮುಳುಗಲಿದ್ದ ಹಳ್ಳಿಗಳ ಕಟ್ಟಡಗಳನ್ನು ಅಲ್ಲಿಗೆ ತಂದರು. ಇಲಿಮ್‌ಸ್ಕ್ ಎಂಬ ಊರಿನ ಕೋಟೆಯ 1667ರ ಮರದ ಬುರುಜು ಈಗ ಅಲ್ಲಿದೆ, ಊರು ನೀರಿನ ಕೆಳಗಿದೆ. ಇದನ್ನು ಓದಿದಾಗ ನನಗೆ ಲಿಂಗನಮಕ್ಕಿ ನೆನಪಾಗುತ್ತದೆ. ಆ ಹಿನ್ನೀರಿನಲ್ಲಿ ಎಷ್ಟು ಮನೆಗಳ ಎಂಥೆಂಥ ಕಂಬಗಳು ಹೋದವೋ.

ಇದ್ದಲ್ಲೇ ಬಿಟ್ಟರೆ ಉಳಿಯುತ್ತದೆ ಅನ್ನುವ ಖಾತ್ರಿಯೂ ಇಲ್ಲ, ತಂದಿಟ್ಟರೂ ಇಲ್ಲ. ಕೊಂಡೊಪೊಗಾ ಎಂಬಲ್ಲಿ ನೀರಿನ ಅಂಚಿಗೆ 42 ಮೀಟರ್ ಎತ್ತರದ ಚರ್ಚು ಇತ್ತು, 1774ರದ್ದು. ಅದು ಕಟ್ಟಿದ ಜಾಗದಲ್ಲೇ ನಿಂತಿತ್ತು. 2018ರ ಆಗಸ್ಟಿನಲ್ಲಿ ಒಬ್ಬ ಹುಡುಗ ಬೆಂಕಿ ಇಟ್ಟ. ನಾವು ಹೋಗುವ ಹಿಂದಿನ ವರ್ಷ. ಕೊಸ್ತ್ರೋಮಾದಲ್ಲಿ ಇನ್ನೊಂದು ಚರ್ಚು ಇತ್ತು, ಪ್ರವಾಹದ ಸೀಮೆಯದ್ದು, ಅದಕ್ಕೇ ಮರದ ಗೂಟಗಳ ಮೇಲೆ ಕಟ್ಟಿದ್ದರು. ಅಣೆಕಟ್ಟಿನ ನೀರಿನಿಂದ ತಪ್ಪಿಸಿ ಮ್ಯೂಸಿಯಂಗೆ ತಂದರು. ನೀರಿನಿಂದ ಉಳಿದದ್ದು 2002ರಲ್ಲಿ ಬೆಂಕಿಗೆ ಹೋಯಿತು. ಈ ಎರಡನ್ನೂ ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಜೀವದ ಮಾತಿಗೆ ಬರುತ್ತೇನೆ. ಕಿಝಿಯಲ್ಲಿ ಒಶೆವ್ನೆವ್ ಎಂಬ ರೈತ ಕುಟುಂಬದ ಮನೆ ಇದೆ, 1876ರದ್ದು. ಅದೂ ಬೇರೆ ಊರಿನಿಂದ ಬಂದದ್ದೇ. ಮನುಷ್ಯರ ಕೋಣೆ, ದನದ ಕೊಟ್ಟಿಗೆ, ಹುಲ್ಲಿನ ಅಟ್ಟ ಎಲ್ಲ ಒಂದೇ ಚಾವಣಿಯ ಕೆಳಗೆ. ಚಳಿಗಾಲದಲ್ಲಿ ಹೊರಗೆ ಕಾಲಿಡದೆ ದನಕ್ಕೆ ಹುಲ್ಲು ಹಾಕಬೇಕಲ್ಲ. ಗಾಡಿ ನೇರವಾಗಿ ಅಟ್ಟಕ್ಕೆ ಹತ್ತಲು ದಿಮ್ಮಿಗಳ ಇಳಿಜಾರು ದಾರಿ. ಒಳಗೆ ದೊಡ್ಡ ಒಲೆ, ಒಲೆಯ ಮೇಲೇ ಮಲಗುವ ಜಾಗ. ನನ್ನ ಮನೆಯವಳು ಹಳ್ಳಿಯವಳು, ಅವಳ ತವರಿನಲ್ಲಿ ಪಡಸಾಲೆಯ ಪಕ್ಕದಲ್ಲೇ ಗೋದಲಿ ಇತ್ತು. ರಾತ್ರಿ ಎತ್ತುಗಳು ಮೆಲುಕು ಹಾಕುವ ಸದ್ದು ಕೇಳುತ್ತಾ ನಿದ್ದೆ ಹೋಗುತ್ತಿದ್ದಳಂತೆ. ಅವಳು ಆ ಮನೆಯ ಕೊಟ್ಟಿಗೆ ನೋಡಿ, ಅಲ್ಲಿದ್ದ ಹೆಂಗಸಿಗೆ ಕನ್ನಡದಲ್ಲೇ ‘ಎಷ್ಟು ಹಸು ಇದ್ದವು?’ ಅಂತ ಕೇಳಿದಳು. ಮಗಳು ಅದನ್ನು ರಷ್ಯನ್ ಭಾಷೆಗೆ ತಿರುಗಿಸಿದಳು. ಅರ್ಧ ಗಂಟೆ ಆ ಇಬ್ಬರೂ ಹಸು, ಹಾಲು, ಕರುವಿನ ಮಾತಾಡಿದರು. ನಾನು ಚಾವಣಿ ನೋಡುತ್ತಿದ್ದೆ. ಆ ಮಾತು ಬರೀ ಫೋಟೋ ನೋಡಿ ಹುಟ್ಟುತ್ತಿರಲಿಲ್ಲ ಮೇಡಂ. ಅದಕ್ಕೆ ಆ ಕೊಟ್ಟಿಗೆಯೊಳಗೆ ನಿಲ್ಲಬೇಕಿತ್ತು.

ಇನ್ನೊಂದು ವಿಷಯ. ಈ ಕೆಲಸ ಅಲ್ಲಿ ಸುಲಭವಾಗಿ ಆಗಿದ್ದಲ್ಲ. 1920ರ ದಶಕದಲ್ಲಿ ಪ್ಯೋತರ್ ಬರನೋವ್‌ಸ್ಕಿ ಎಂಬ ವಾಸ್ತುಶಿಲ್ಪಿ ಮಾಸ್ಕೋದ ಕೊಲೊಮೆನ್‌ಸ್ಕೊಯೆಯಲ್ಲಿ ಹಳೇ ಮರದ ಕಟ್ಟಡಗಳನ್ನು ತಂದಿಡುವುದಕ್ಕೆ ಶುರುಮಾಡಿದರು. ಚರ್ಚುಗಳನ್ನು ಕೆಡವುತ್ತಿದ್ದ ಕಾಲ ಅದು. 1933ರಲ್ಲಿ ಅವರನ್ನು ಹಿಡಿದು ಸೈಬೀರಿಯಾದ ಶಿಬಿರಕ್ಕೆ ಕಳಿಸಿದರು. ಮೂರು ವರ್ಷ ಕಳೆದು ಬಂದ ಮೇಲೂ ಅವರು ಹಳೇ ಕಟ್ಟಡಗಳ ಕೆಲಸವನ್ನೇ ಮಾಡಿದರು. ಆಮೇಲೆ ಕಾಲ ಬದಲಾಗಿ ಒಂದೊಂದೇ ಮ್ಯೂಸಿಯಂ ಬಂತು. ನವ್‌ಗೊರೊದ್ ಹತ್ತಿರ ವಿತೊಸ್ಲಾವ್ಲಿತ್ಸಿ, ಅರ್ಖಾಂಗೆಲ್‌ಸ್ಕ್ ಹತ್ತಿರ ಮಾಲಿಯೆ ಕರೇಲಿ. ಎರಡೂ 1964ರಲ್ಲಿ ಹುಟ್ಟಿದ್ದು. ಮಾಲಿಯೆ ಕರೇಲಿಯಲ್ಲಿ ಮನೆಗಳನ್ನು ಒಂದೊಂದು ನದಿಯ ಸೀಮೆ ಅಂತ ಬೇರೆ ಬೇರೆಯಾಗಿ ನಿಲ್ಲಿಸಿದ್ದಾರೆ. ನಮ್ಮಲ್ಲಿ ಪಾವಗಡದ ಮಾಳಿಗೆ ಮನೆ, ಕೋಲಾರದ ಕಲ್ಲುಚಪ್ಪಡಿ ಮನೆ, ಗುಬ್ಬಿ ಕಡೆಯ ಹೆಂಚಿನ ತೊಟ್ಟಿ ಮನೆ ಅಂತ ಮೂರು ಬೀದಿ ಮಾಡಿದ ಹಾಗೆ. ಹಾಗೊಂದು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ಪ್ರಶ್ನೆ: ನಮ್ಮ ಕಡೆ ಇಂಥದ್ದು ನೋಡಬೇಕು ಅಂದರೆ ಎಲ್ಲಿಗೆ ಹೋಗಬೇಕು?
— ಓದುಗರು, ಗೌರಿಬಿದನೂರು

ಉತ್ತರ: ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ವಿಜಯನಾಥ ಶೆಣೈ ಅವರು ಕೆಡವಲಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ನಿಲ್ಲಿಸಿದ್ದಾರೆ. ಹೋಗುವ ಮುಂಚೆ ಸಮಯ ವಿಚಾರಿಸಿಕೊಳ್ಳಿ. ಚೆನ್ನೈ ಹತ್ತಿರ ದಕ್ಷಿಣಚಿತ್ರ ಇದೆ, 1996ರಲ್ಲಿ ತೆರೆದದ್ದು. ಅಲ್ಲಿ ನಮ್ಮ ಇಳಕಲ್ಲಿನ ನೇಕಾರರ ಮನೆಯೂ ಇದೆ. ಎರಡು ಕಡೆಯೂ ಮಕ್ಕಳನ್ನು ಕರೆದುಕೊಂಡು ಹೋಗಿ. ತಲೆ ಎತ್ತಿ ಬೋದಿಗೆ ನೋಡಲು ಹೇಳಿ.

ಮಧುಗಿರಿಯ ತಾಯಿಗೆ ಒಂದು ಮಾತು ಹೇಳಲು ಮರೆತಿದ್ದೆ. ಬಾಗಿಲುವಾಡ ಕೀಳುವ ಮುಂಚೆ, ಒಳಗಿನ ನೆಲದಿಂದ ಹೊಸ್ತಿಲಿನ ಮೇಲ್ತುದಿಗೆ ಎಷ್ಟು ಇಂಚು ಇದೆ ಅಂತ ಅಳೆದು ಬರೆದಿಟ್ಟುಕೊಳ್ಳಿ. ಜಗಲಿಯ ಕಡೆಯಿಂದಲೂ ಒಂದು ಅಳತೆ. ಹೊಸ ಜಾಗದಲ್ಲಿ ಮೇಸ್ತ್ರಿ ನೆಲ ಏರಿಸಿ ಹೊಸ್ತಿಲನ್ನು ಮುಚ್ಚಿಬಿಡುತ್ತಾರೆ, ಇದು ಎಲ್ಲ ಕಡೆ ಆಗುತ್ತದೆ. ತೊಟ್ಟಿಯ ಮೂಲೆ ಬಿಚ್ಚುವ ದಿನ ಗೊತ್ತಾದರೆ ಪತ್ರಿಕೆಯ ವಿಳಾಸಕ್ಕೆ ಒಂದು ಸಾಲು ಬರೆಯಿರಿ. ತುಮಕೂರಿಂದ ಬೆಳಗಿನ ಮೊದಲ ಬಸ್ಸಿಗೆ ಬರುತ್ತೇನೆ. ಹಾಳೆ, ಪೆನ್ಸಿಲು, ಟೇಪು ನಾನೇ ತರುತ್ತೇನೆ.